ಬಲಗಡೆಗೆ ಯಾರು?

"ಜಿಂಕೆ ಬೇಡ ಅಂದ್ರೆ ಬೇಡ," ಎಂದಳು ಫುಟ್‌ಬಾಲ್ ಟೀಮಿನ ಫಿಸಿಯೋ, ಕ್ಯಾಪ್ಟನ್ ಹುಡುಗಿಯ ಊದಿದ ಮಂಡಿಗೆ ಐಸ್ ಕಟ್ಟುತ್ತ. "ಮುಂದಕ್ಕೇನೋ ಓಡ್ತಾಳೆ, ವಾಪಸ್ ಬರೋದನ್ನೇ ಮರೀತಾಳೆ. ಅವಳು ಬಿಟ್ಟುಹೋದ ಜಾಗದಲ್ಲಿ ಎದುರಿನ ಟೀಮು ಮನೆ ಕಟ್ಟಿ ಸಂಸಾರ ಹೂಡಬಹುದು."

ಬಾಗಿಲಿಗೆ ಒರಗಿ ನಿಂತಿದ್ದ ಕೋಚ್ ನಕ್ಕ. "ಹಾಗಾದ್ರೆ ನೀವೇ ಹೇಳಿ ಡಾಕ್ಟ್ರೇ, ಫೈನಲ್‌ಗೆ ರೈಟ್ ಬ್ಯಾಕ್ ಯಾರು?"

ತಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಆದರೂ ಅವನ ಬಾಯಲ್ಲಿ ಆ ಮಾತು ಕೇಳಿದರೆ ಕಿವಿ ಬೆಚ್ಚಗಾಗುತ್ತಿತ್ತು.

ಬಲಗಡೆಯ ಕಾವಲಿಗೆ ನಿಲ್ಲುತ್ತಿದ್ದದ್ದು ಕ್ಯಾಪ್ಟನ್ನೇ. ಅವಳ ಮಂಡಿ ಕೈಕೊಟ್ಟಿತ್ತು. ಉಳಿದವರೆಂದರೆ ಓಟದಿಂದಾಗಿ ಜಿಂಕೆ ಎಂದೇ ಹೆಸರಾದವಳು, ಬೇರೆ ಕ್ಲಬ್‌ನಿಂದ ಎರವಲು ತರಬಹುದಾದ ಒಬ್ಬಳು, ಮತ್ತೆ ಬೆಂಚ್ ಮೇಲೆ ಕೂತು ಸದಾ ಮಾತಾಡುವ, ಅದಕ್ಕೇ ರೇಡಿಯೋ ಅನ್ನಿಸಿಕೊಂಡ ಇನ್ನೊಬ್ಬಳು. ಇದರ ಬಗ್ಗೆ ಗಂಟೆಗಟ್ಟಲೆ ವಾದಿಸುವ ಕೋಚ್, ಬೇಕಾದ ಒಂದು ಮಾತನ್ನು ಮಾತ್ರ ಆಡಿರಲಿಲ್ಲ. ದೊಡ್ಡ ಕ್ಲಬ್ಬೊಂದು ತನ್ನನ್ನು ಕೆಲಸಕ್ಕೆ ಕರೆದಿದೆ ಎಂದು ಫಿಸಿಯೋ ಹೇಳಿದಾಗ "ಒಳ್ಳೆ ಕ್ಲಬ್" ಎಂದು ಸುಮ್ಮನಾಗಿದ್ದ. ಇವತ್ತು ಸಂಜೆಯೊಳಗೆ ಅಲ್ಲಿಗೆ ಉತ್ತರ ಹೇಳಬೇಕಿತ್ತು. ಅವನು ಹೋಗಬೇಡ ಅಂದಿದ್ದರೆ ಇಲ್ಲೇ ಇದ್ದುಬಿಡುತ್ತಿದ್ದಳು.

ಹೋಗುವುದೇ ಆದರೆ ಈ ರೈಟ್ ಬ್ಯಾಕ್ ತಗಾದೆಯನ್ನಾದರೂ ಮುಗಿಸಿ ಹೋಗೋಣ ಎಂದು ಮಧ್ಯಾಹ್ನ ಅವನ ಕೋಣೆಗೆ ನಡೆದಳು. ಬಾಗಿಲು ಅರೆ ತೆರೆದಿತ್ತು. ಅವನು ಕಿಟಕಿಯ ಕಡೆ ಮುಖ ಮಾಡಿ ಹೇಳುತ್ತಿದ್ದ: "ಹೊರಗಿಂದ ಬರೋಳು ಚೆನ್ನಾಗೇ ಇರಬಹುದು. ಆದ್ರೆ ಹೊಂದ್ಕೋಬೇಕಲ್ಲ."

"ಹೊರಗಿನವಳು ಬೇಡವೇ ಬೇಡ," ಎನ್ನುತ್ತ ಅವಳು ಒಳಗೆ ನುಗ್ಗಿದಳು. "ಕಣ್ಣೆದುರಿಗೇ ಒಬ್ಬಳು ಇದಾಳೆ. ಮಾತು ಜಾಸ್ತಿ, ಒಪ್ಕೋತೀನಿ. ಆದ್ರೆ ನಿಮ್ಮ ರೀತಿ ನೀತಿ ಎಲ್ಲ ಗೊತ್ತು. ಎಷ್ಟು ಕಾಲದಿಂದ ಪಾಪ ಬೆಂಚ್ ಮೇಲೆ ಕೂತಿದಾಳೆ. ಇನ್ನೂ ಕಾಯಿಸಿದ್ರೆ ಬೇರೆ ಕ್ಲಬ್‌ಗೆ ಹೊರಟುಹೋಗ್ತಾಳೆ ಅಷ್ಟೇ."

ಕೋಚ್ ತಿರುಗಿದ. ಅವನ ಮುಖ ಕೆಂಪಾಗಿತ್ತು. ಮೇಜಿನ ಮೇಲೆ ಸ್ಪೀಕರ್‌ಗೆ ಹಾಕಿಟ್ಟಿದ್ದ ಫೋನಿನಿಂದ ಹೆಂಗಸೊಬ್ಬರ ದನಿ ಬಂತು.

"ಯಾರೋ ಅದು? ಸರಿಯಾಗಿ ಹೇಳಿದ್ಲು ಕಣೋ."

"ಅಕ್ಕಾ, ಆಮೇಲೆ ಮಾಡ್ತೀನಿ."

"ಏನು ಆಮೇಲೆ? ನಾನು ತೋರಿಸಿದ ಸಂಬಂಧಗಳನ್ನೆಲ್ಲ ಬೇಡ ಅಂದ್ಯಲ್ಲ, ನಿನ್ನ ಪಕ್ಕ ಬೆಂಚ್ ಮೇಲೆ ಕೂರೋ ಆ ಹುಡುಗಿ ಇವಳೇನಾ?"

ಫಿಸಿಯೋಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ನಾನು ರೇಡಿಯೋ ಬಗ್ಗೆ ಹೇಳಿದ್ದು," ಎಂದಳು ಮೆಲ್ಲಗೆ.

"ನಾನು ಅಕ್ಕನ ಹತ್ರ ನಿಮ್ಮ ಬಗ್ಗೆ ಹೇಳಿದ್ದು."

"ಮತ್ತೆ 'ಒಳ್ಳೆ ಕ್ಲಬ್' ಅಂದ್ರಲ್ಲ?"

"ನಿಮ್ಮ ದಾರಿಗೆ ಅಡ್ಡ ಬರಬಾರದು ಅಂತ. ಆಮೇಲೆ ಮನೆಗೆ ಹೋಗಿ ಗೋಳಾಡಿದೆ."

"ಗೋಳಾಡಿದ," ಎಂದಿತು ಫೋನು. "ನನ್ನ ತಲೆ ತಿಂದ."

ಅವನು ಫೋನು ಆಫ್ ಮಾಡಿದ. "ಮ್ಯಾಚ್ ನಡೆಯುವಾಗ ಬಲಗಡೆ ತಿರುಗಿದ್ರೆ ನೀವಿರ್ತೀರ. ಅಲ್ಲಿ ಬೇರೆ ಯಾರಾದ್ರೂ ಕೂತ್ರೆ ನಂಗೆ ಆಟವೇ ಕಾಣಲ್ಲ. ಹೋಗಬೇಡಿ."

ಅವಳು ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದು ಕೂತಳು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಇಳಿದೇಹೋಗಿ, ಕಣ್ಣಲ್ಲಿ ನೀರು, ತುಟಿಯಲ್ಲಿ ನಗು ಒಟ್ಟಿಗೇ ಬಂದವು.

"ಇಷ್ಟು ಹೇಳೋಕೆ ಇಷ್ಟು ಕಾಲ ಬೇಕಿತ್ತಾ? ನಿಮಗಿಂತ ಜಿಂಕೆನೇ ವಾಸಿ. ವಾಪಸ್ ಬರದಿದ್ರೂ ಮುಂದಕ್ಕಾದ್ರೂ ಓಡ್ತಾಳೆ."

ಸಂಜೆಗೆ ಮುಂಚೆಯೇ ಅವಳು ದೊಡ್ಡ ಕ್ಲಬ್‌ಗೆ ಬರುವುದಿಲ್ಲ ಎಂದು ತಿಳಿಸಿದಳು.

ಫೈನಲ್‌ಗೆ ಇಳಿದವಳು ರೇಡಿಯೋ. ಅಲ್ಲೂ ಅವಳ ಬಾಯಿ ನಿಲ್ಲಲಿಲ್ಲ, ಆದರೆ ಅವಳನ್ನು ದಾಟಿ ಹೋಗಲು ಯಾರಿಗೂ ಆಗಲಿಲ್ಲ.

ಬೆಂಚ್ ಮೇಲೆ ಕೋಚ್ ಮತ್ತೆ ಮತ್ತೆ ಬಲಕ್ಕೆ ತಿರುಗುತ್ತಿದ್ದ. ಫಿಸಿಯೋ ಚೆಂಡಿನಿಂದ ಕಣ್ಣು ಕೀಳದೆ ಗದರಿದಳು.

"ಆಟ ನೋಡಿ. ಚೆಂಡು ಬಲಗಡೆಗೆ ಬಂದಿದೆ."

"ಬಲಗಡೆ ಭದ್ರವಾಗಿದೆ," ಎಂದ ಅವನು, ಮೈದಾನದತ್ತ ತಿರುಗದೆಯೇ.