ಭಾನುವಾರ ಮತ, ಸೋಮವಾರ ಕ್ಷಮೆ

"ವಿಶಾಲಾಕ್ಷಿ ಸಾನ್! ಆ ಡಬ್ಬಿ ಕೆಳಗಿಡಿ!"

ಹಿಂದಿನಿಂದ ಕೂಗು. ತಿರುಗಿ ನೋಡಲಿಲ್ಲ. ಓಡಿದೆ!

ಜಪಾನಿನ ಕೋಬೆ ನಗರ, ಮೋಟೊಮಾಚಿ ಬಜಾರು. ಹಾಡಹಗಲು. ಕಂಕುಳಲ್ಲಿ ಇಟ್ಟಿಗೆಯಂತೆ ಭಾರವಾದ ಸಿಹಿತಿಂಡಿಯ ಡಬ್ಬಿ. ಐವತ್ತು ದಾಟಿದ ಹೆಂಗಸು ನಾನು, ಮಂಡಿನೋವು ಬೇರೆ... ಎದುರು ಬಂದವರಿಗೆಲ್ಲ "ಸುಮಿಮಾಸೆನ್, ಸುಮಿಮಾಸೆನ್" ಅಂತ ಕ್ಷಮೆ ಕೇಳುತ್ತಲೇ ನುಗ್ಗಿದೆ.

ಕೂಗಿದವನಿಗೆ ನನ್ನ ಹೆಸರು, ಮರ್ಯಾದೆಯ 'ಸಾನ್' ಸಮೇತ, ಹೇಗೆ ಗೊತ್ತು ಅಂತ ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ದಿನಸಿ ಅಂಗಡಿಯ ಮುಂದೆ ನಿಲ್ಲಿಸಿದ್ದ ನನ್ನ ಸ್ಕೂಟರ್ ಹತ್ತಿದೆ. ಬೂದು ಬಣ್ಣದ ವ್ಯಾನ್ ಬೆನ್ನು ಹತ್ತಿತು. ಎದುರಿಗೆ ಕೆಂಪು ಲೈಟ್! ನಾನು ನಿಲ್ಲಿಸುವವಳೇ? ಬೆಂಗಳೂರಿನ ಮಾರ್ಕೆಟ್ಟಿನಲ್ಲಿ ಗಾಡಿ ಕಲಿತವಳು! ಬಸ್ಸಿಗೂ ಟ್ರಕ್ಕಿಗೂ ನಡುವೆ ತೂರಿದೆ.

ವ್ಯಾನ್ ಮಾತ್ರ ಮರ್ಯಾದೆಯಾಗಿ ಸಿಗ್ನಲ್‌ನಲ್ಲಿ ನಿಂತಿತು. ಈ ದೇಶದಲ್ಲಿ ರೌಡಿಗಳೂ ಸಿಗ್ನಲ್ ಮುರಿಯುವುದಿಲ್ಲ ಅಂತ ನಕ್ಕೆ.

ನೀವು ನಗಬೇಡಿ. ಮೊದಲು ಪೂರ್ತಿ ಕೇಳಿ.

ಕಂಪನಿಗಳು ಬಾಯಲ್ಲಿ ಒಂದು ಹೇಳಿ ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಂಡಿರುತ್ತವಲ್ಲ... ಆ ಇನ್ನೊಂದನ್ನು ಹುಡುಕಿ ತೆಗೆಯುವುದು ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಕೋಬೆಯಲ್ಲಿ ಇದೇ ನನ್ನ ಅನ್ನ.

ಆ ವಾರ ಬಂದವಳು ನಿಧಿ. ಮೈಸೂರಿನ ಹುಡುಗಿ, ಕುರೊಮಾಚಿ ಮೆಟಲ್ಸ್‌ನಲ್ಲಿ ಇಂಜಿನಿಯರ್. ಆ ಕಂಪನಿಯ ನಿಕ್ಕಲ್ ಕಾರ್ಖಾನೆ ಇರುವುದು ಮೊರೇವಾ ಎಂಬ ಪೆಸಿಫಿಕ್ ದ್ವೀಪದಲ್ಲಿ. ಎಲ್ಲೋ ಯುರೋಪಿನಲ್ಲಿ ಕುಳಿತ ಸರ್ಕಾರ ಆಳುವ ದ್ವೀಪ ಅದು. ಬೇರೆ ದೇಶವಾಗಬೇಕೇ, ಬೇಡವೇ ಎಂದು ಭಾನುವಾರ ಅಲ್ಲಿ ಮತದಾನ.

"ಫ್ಯಾಕ್ಟರಿ ಜನಕ್ಕೆ ಸ್ವಾತಂತ್ರ್ಯ ಬೇಕು ಅಕ್ಕ. ಆದ್ರೆ ಆಮೇಲೆ ಯುರೋಪಿನ ದುಡ್ಡು ಬರಲ್ಲ, ಕಂಪನಿನೂ ಎದ್ದು ಹೋದ್ರೆ ಊಟಕ್ಕೇ ಕಷ್ಟ. ಅದೊಂದೇ ಭಯ."

"ಕಂಪನಿ ಏನಂತೆ?"

"ರಿಸಲ್ಟ್ ಏನೇ ಬರ್ಲಿ, ನಾವು ಇರ್ತೀವಿ ಅಂತ ಟಿವಿಲಿ ಹೇಳಿದಾರೆ."

"ಮತ್ತಿನ್ನೇನು?"

"ಯಾರೂ ನಂಬ್ತಿಲ್ಲ. ನಿಧಿ ಹೇಳಿದ್ರೆ ನಂಬ್ತೀವಿ ಅಂತಿದಾರೆ! ಶುಕ್ರವಾರ ಮಧ್ಯಾಹ್ನ ಎಲ್ಲ ಯೂನಿಯನ್ ಹಾಲ್‌ನಲ್ಲಿ ಸೇರ್ತಾರೆ. ನಾನು ವಿಡಿಯೋ ಕಾಲ್‌ನಲ್ಲಿ ಮಾತಾಡ್ಬೇಕು."

ನಂಬದೆ ಏನು? ಇವಳು ಆ ಕಾರ್ಖಾನೆಯಲ್ಲಿದ್ದಾಗ ಒಮ್ಮೆ ಕುಲುಮೆ ಸಿಡಿದಿತ್ತು. ಅವತ್ತು ಮ್ಯಾನೇಜರ್‌ಗಳೆಲ್ಲ ಹೊರಗೆ ಓಡಿದರೆ ಇವಳು ಒಳಗೆ ಓಡಿದ್ದಳು. ಇಬ್ಬರನ್ನು ಎಳೆದು ತಂದಿದ್ದಳು. ಮೊಣಕೈ ಮೇಲಿನ ಸುಟ್ಟ ಕಲೆ ಇನ್ನೂ ಹಾಗೇ ಇದೆ.

"ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ ಅಕ್ಕ. ನಿಜ ಏನು ಅಂತ ಹುಡುಕಿಕೊಡಿ. ಪ್ಲೀಸ್."

ನನಗೆ ಆ ಹುಡುಗಿ ಇಷ್ಟವಾಗಿಬಿಟ್ಟಳು. ಈ ಕಸುಬಿನಲ್ಲಿ ಅದು ಒಳ್ಳೆಯದಲ್ಲ.

ಜಪಾನಿ ಕಂಪನಿಯ ಮನಸ್ಸು ತಿಳಿಯಬೇಕಾದರೆ ಡೈರೆಕ್ಟರ್ ಹಿಂದೆ ಹೋಗಬೇಡಿ. ಅವನಿಗೆ ಬರೀ ನಗಲು ಬರುತ್ತದೆ. ಆಫೀಸಿಗೆ ಹೂವು, ಉಡುಗೊರೆ, ತಿಂಡಿ ತರಿಸುವವನ ಹಿಂದೆ ಹೋಗಿ. ಕುರೊಮಾಚಿಯಲ್ಲಿ ಆ ಕೆಲಸ ಓನಿಶಿ ಎಂಬವನದು. ತೆಳ್ಳಗಿನ ಆಸಾಮಿ, ಎದೆಯ ಮೇಲೆ ಕಂಪನಿಯ ಬ್ಯಾಡ್ಜ್, ಜೊತೆಗೆ ಒಬ್ಬ ದಪ್ಪ ಡ್ರೈವರ್. ಶುಕ್ರವಾರ ಬೆಳಿಗ್ಗೆ ಇಬ್ಬರೂ ಮೋಟೊಮಾಚಿಯ ಹಳೆಯ ಸಿಹಿ ಅಂಗಡಿಗೆ ನುಗ್ಗಿದರು. ಹಿಂದೆಯೇ ನಾನು.

"ಯೋಕಾನ್. ಅತಿ ಭಾರದ್ದು," ಓನಿಶಿ ಕೌಂಟರ್‌ನಲ್ಲಿ ಹೇಳುತ್ತಿದ್ದ. "ಒಂದು ಡಬ್ಬಿ ಮಾದರಿಗೆ ಈಗಲೇ ಕೊಡಿ. ಉಳಿದವು ಸೋಮವಾರ ಬೆಳಿಗ್ಗೆ ಆಫೀಸಿಗೆ ಬರಲಿ. ಮೇಲೆ ಶುಭದ ಕಾಗದ ಹಚ್ಚಬೇಡಿ."



ಯೋಕಾನ್ ಎಂದರೆ ಕೆಂಪು ಕಾಳು ಅರೆದು ಮಾಡುವ ಗಟ್ಟಿ ಸಿಹಿ. ಜಪಾನಿ ಕಂಪನಿ ತಪ್ಪು ಮಾಡಿ ಕ್ಷಮೆ ಕೇಳಲು ಹೋಗುವಾಗ ಇದನ್ನೇ ಒಯ್ಯುತ್ತದೆ. ಡಬ್ಬಿ ಎಷ್ಟು ಭಾರವೋ ಕ್ಷಮೆಯೂ ಅಷ್ಟು ಭಾರ ಎಂಬ ಲೆಕ್ಕ. ಉಡುಗೊರೆಗೆ ಹಚ್ಚುವ ಶುಭದ ಕಾಗದವೂ ಬೇಡ ಎಂದರೆ ಅನುಮಾನವೇ ಇಲ್ಲ.

ಭಾನುವಾರ ಮತ. ಸೋಮವಾರ ಕ್ಷಮೆ. ಅಂದರೆ ಫಲಿತಾಂಶ ಏನೇ ಬರಲಿ, ಕಂಪನಿ ಗಂಟುಮೂಟೆ ಕಟ್ಟಿ ಆಗಿದೆ!

ಓನಿಶಿ ಫೋನ್ ತೆಗೆದು ಪಕ್ಕಕ್ಕೆ ತಿರುಗಿದ. ಡಬ್ಬಿ ಕೌಂಟರ್ ಮೇಲೆ ಅನಾಥವಾಗಿತ್ತು. ಎತ್ತಿಕೊಂಡೆ. ಡ್ರೈವರ್ ಕೂಗಿದ. ಮುಂದಿನದು ನಿಮಗೆ ಗೊತ್ತೇ ಇದೆ.

ನಿಧಿಯ ಫ್ಲ್ಯಾಟ್ ತಲುಪಿದಾಗ ಅವಳು ಕ್ಯಾಮೆರಾ ಮುಂದೆ ತಲೆ ಬಾಚುತ್ತಿದ್ದಳು. ಡಬ್ಬಿಯನ್ನು ಅವಳ ಕೈಗಿಟ್ಟೆ. ತೂಕ ನೋಡಿದಳು. ಮೇಲಿನ ಬರಿಯ ಕಾಗದ ನೋಡಿದಳು. ವರ್ಷಗಟ್ಟಲೆ ಜಪಾನಿನಲ್ಲಿ ಇದ್ದವಳು, ವಿವರಿಸುವ ಅಗತ್ಯವೇ ಬರಲಿಲ್ಲ.

"ಯಾವತ್ತು ಡೆಲಿವರಿ?"

"ಸೋಮವಾರ."

"ಕಳ್ಳ ನನ್ಮಕ್ಳು!"

ಕ್ಯಾಮೆರಾ ಆನ್ ಆಯಿತು. ಆ ಹಾಲ್‌ನಲ್ಲಿ ನೆಲದ ಮೇಲೂ ಜನ, ಕಿಟಕಿಯಲ್ಲೂ ಜನ. ನಿಧಿ ಒಂದೇ ಮಾತು ಹೇಳಿದಳು. "ಅವರು ಹೋಗ್ತಾರೆ. ನನ್ನನ್ನ ನಂಬಿ."

ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ತಲೆಗೆ ಸುತ್ತಿದ್ದ ಸ್ವಾತಂತ್ರ್ಯದ ಬಾವುಟವನ್ನು ಬಿಚ್ಚಿ ಮಡಚಿದಳು. ನನಗೂ ಕಣ್ಣು ತುಂಬಿತು. ಕಹಿಯೋ ಸಿಹಿಯೋ, ನಿಜ ಹೇಳಿದೆವಲ್ಲ ಎಂಬ ಹೆಮ್ಮೆ ಬೇರೆ!

ಭಾನುವಾರ ಸ್ವಾತಂತ್ರ್ಯ ಸೋತಿತು. ಕೂದಲೆಳೆಯಲ್ಲಿ. ಕಾರ್ಖಾನೆಯ ಊರೊಂದೇ ಅತ್ತ ವಾಲಿದ್ದರೂ ಗೆಲ್ಲುತ್ತಿತ್ತು.

ಸೋಮವಾರ ಕಂಪನಿ ಎಲ್ಲೂ ಹೋಗಲಿಲ್ಲ.

ಮಧ್ಯಾಹ್ನ ಓನಿಶಿ ನನ್ನನ್ನು ಕಾಫಿಗೆ ಕರೆದ. ಹೋದೆ. ಹೊಡೆಯಬೇಕೆಂದೇ ಹೋದೆ.

"ಯೋಕಾನ್ ಎಲ್ಲಿ?" ಎಂದೆ.

"ಆರ್ಡರ್ ರದ್ದು ಮಾಡಿದೆವು. ಕ್ಷಮೆ ಕೇಳುವಂಥದ್ದು ಏನೂ ಆಗಲಿಲ್ಲವಲ್ಲ."

ಗೊತ್ತಿದ್ದ ಹೆಸರು... ಕೌಂಟರ್ ಮೇಲೆ ಬಿಟ್ಟ ಡಬ್ಬಿ... ಸಿಗ್ನಲ್‌ನಲ್ಲಿ ನಿಂತ ವ್ಯಾನ್!

"ಬೇಕೆಂದೇ ನನಗೆ ಕೇಳಿಸಿದಿರಿ."

"ನಾವೇ ಹೆದರಿಸಿದ್ದರೆ ಲೋಕವೆಲ್ಲ ಬೈಯುತ್ತಿತ್ತು. ನಿಧಿ ಸಾನ್ ಹೇಳಿದರೆ ಅದು ಸ್ನೇಹ. ಅವರು ನಿಮ್ಮ ಬಳಿ ಬಂದದ್ದು ತಿಳಿಯಿತು. ಬೇರೆ ವಿದೇಶಿಯರಾಗಿದ್ದರೆ ಅದು ಬರೀ ಸಿಹಿ ಎಂದುಕೊಳ್ಳುತ್ತಿದ್ದರು. ನಿಮಗೆ ಮಾತ್ರ ಅರ್ಥವಾಯಿತು."

"ದ್ವೀಪ ಬೇರೆ ದೇಶವಾಗಿದ್ದರೆ ನಿಜವಾಗಿ ಬಿಟ್ಟು ಹೋಗುತ್ತಿದ್ದಿರಾ?"

"ಹೋಗುವುದೇ? ಅಂಥ ಅದಿರು ಇನ್ನೆಲ್ಲಿದೆ? ಆದರೆ ಹೊಸ ಸರ್ಕಾರ ಗಣಿಯಲ್ಲಿ ಪಾಲು ಕೇಳುತ್ತಿತ್ತು. ಈಗ ಆ ತಲೆನೋವಿಲ್ಲ."

ಅಂದರೆ ಟಿವಿಯಲ್ಲಿ ಹೇಳಿದ್ದೇ ನಿಜ! ನಾನು ಹುಡುಕಿ ತಂದದ್ದು ಸುಳ್ಳು!

ಫೋನ್ ಬಡಿದುಕೊಂಡಿತು. ನಿಧಿ.

"ಕಂಪನಿ ಹೋಗ್ತಿಲ್ವಂತೆ ಅಕ್ಕ... ನಾನು ಎಳೆದು ತಂದೆ ಅಂದ್ನಲ್ಲ, ಅದ್ರಲ್ಲಿ ಒಬ್ಬ ಫೋನ್ ಮಾಡಿದ್ದ. ಅವತ್ತೇ ಸುಟ್ಟು ಹೋಗಿದ್ರೆ ಚೆನ್ನಾಗಿರ್ತಿತ್ತು ಅಂತಾನೆ. ನಾನೇನು ಹೇಳ್ಲಿ ಅವನಿಗೆ? ಹೇಳಿ ಅಕ್ಕ, ಏನು ಹೇಳ್ಲಿ?"

ಫೋನನ್ನು ಕಿವಿಯಿಂದ ತೆಗೆದು ಟೇಬಲ್ ಮೇಲೆ ಬೋರಲಾಗಿ ಇಟ್ಟೆ.

ಓನಿಶಿ ಎದ್ದು ನಿಂತು ನನಗೆ ಸೊಂಟ ಬಗ್ಗಿಸಿ ನಮಸ್ಕರಿಸಿದ. "ವಿಶಾಲಾಕ್ಷಿ ಸಾನ್, ನೀವು ಪೂರ್ತಿ ನಮ್ಮವರೇ ಆಗಿಬಿಟ್ಟಿದ್ದೀರಿ."

ಇಪ್ಪತ್ತು ವರ್ಷ ಈ ಮಾತಿಗಾಗಿಯೇ ಕಾದಿದ್ದೆ ಸ್ವಾಮಿ. ಕೊನೆಗೂ ಬಂತು... ಒಂದಿಡೀ ಊರು ಮುಳುಗಿಸಿದ ಮೇಲೆ!