ಬಲಗಿವಿಗೆ ಬಿದ್ದ ಮಾತು

ಬೀಗರು ಬರುವ ಮೊದಲೇ ಅವ್ವ ಪಡಸಾಲೆಯಲ್ಲಿ ನನ್ನ ಜಾಗ ಗೊತ್ತು ಮಾಡಿದ್ದಳು. ನನ್ನ ಬಲಕ್ಕೆ ಗೋಡೆ, ಎಡಕ್ಕೆ ಅವರು ಕೂಡುವ ಜಮಖಾನೆ.

"ಅಲ್ಲಿಂದ ಅಳ್ಳಾಡಬ್ಯಾಡ. ಎಡಗಿವಿ ಅವ್ರ ಕಡೆ ಇರ್ಲಿ," ಎಂದು ಸೆರಗು ಸರಿಪಡಿಸುವ ನೆವದಲ್ಲಿ ಪಿಸುಗುಟ್ಟಿದಳು.

ಏಳನೆಯ ವಯಸ್ಸಿನಲ್ಲಿ ಬಂದ ವಿಷಮಜ್ವರ ಇಳಿಯುವಾಗ ನನ್ನ ಬಲಗಿವಿಯನ್ನು ತೆಗೆದುಕೊಂಡು ಹೋಗಿತ್ತು. ಎಡಗಿವಿ ಕೇಳುತ್ತಿತ್ತು. ಧಾರವಾಡದಲ್ಲಿ ಬಿ.ಎ. ಓದುವಾಗ ತೋರಿಸಿದ ಡಾಕ್ಟರು, ಅದೂ ಕೊನೆಯತನಕ ಇದ್ದೀತೆಂದು ಹೇಳಲಾರೆ ಎಂದಿದ್ದರು. ಹೊಂಬಳದಿಂದ ಬಂದ ಹಿಂದಿನ ಸಂಬಂಧದವರಿಗೆ ವಿಠೋಬಾ ಮಾಮಾ ಇದ್ದದ್ದನ್ನು ಇದ್ದಂತೆ ಹೇಳಿದ್ದ. ಅವರು ಅರ್ಧ ಚಹಾ ಬಿಟ್ಟು ಎದ್ದರು. ಅಪ್ಪ ಇಲ್ಲದ ಮನೆ ನಮ್ಮದು. ಅಂದಿನಿಂದ ಅವ್ವನದು ಒಂದೇ ಮಾತು: ಕೊರಳಿಗೆ ತಾಳಿ ಬೀಳುವತನಕ ಬಾಯಿ ಬಿಡಬಾರದು.

ಹುಡುಗ ಕಲ್ಲಣ್ಣ, ಲಕ್ಷ್ಮೇಶ್ವರದಲ್ಲಿ ಶಾಲೆಯ ಮಾಸ್ತರು. ತಂದೆತಾಯಿ ಇಲ್ಲದ ಅವರನ್ನು ಸಾಕಿದ ಸೋದರತ್ತೆ ಅನ್ನಪೂರ್ಣವ್ವ ಜೊತೆಗೆ ಬಂದಿದ್ದರು. ನನ್ನ ಓದು, ಅಡುಗೆ, ಜಾತಕ ಎಲ್ಲ ಮುಗಿದ ಮೇಲೆ ಮಾಮಾ ತನ್ನ ಪ್ರೀತಿಯ ವಿಷಯಕ್ಕೆ ಬಂದ. ಹಗಲೆಲ್ಲ ಮಗ್ಗದಲ್ಲಿ ಕೂಡುವ ಮಾಮಾ ಸೋಮವಾರ ಭಜನೆಗೆ ತಬಲಾ ಬಾರಿಸುತ್ತಿದ್ದ.

"ಬಾರಸೂದ್ರಾಗ ನಾಟಕ ಕಂಪನಿ ಮರ್ದಾನಸಾಬನ್ನ ಮೀರಿಸಾವ್ರು ಯಾರೂ ಇಲ್ಲ ನೋಡ್ರಿ."

"ಶಿರಹಟ್ಟಿ ಹೊಳೆಯಪ್ಪನ ಡೊಳ್ಳು ಕೇಳಿಲ್ಲೇನ್ರಿ ಮಾಮಾ?" ಎಂದರು ಕಲ್ಲಣ್ಣ.

"ಡೊಳ್ಳಿಗೇನ್ರಿ, ತೋಳಾಗ ಶಕ್ತಿ ಇದ್ರ ಆತು. ತಬಲಾಕ್ಕ ಬೆರಳಾಗ ಬುದ್ಧಿ ಬೇಕು."

"ಹಂಗಾದ್ರ ನೀವೊಮ್ಮೆ ಡೊಳ್ಳು ಕಟಿಗೊಂಡು ಕುಣದು ತೋರಸ್ರಿ."

"ಇಬ್ರೂ ಬಿಡ್ರಿ," ಎಂದು ಅನ್ನಪೂರ್ಣವ್ವ ಎಲೆಅಡಿಕೆ ತುಂಬಿದ ಬಾಯಿಯಿಂದಲೇ ತೀರ್ಪು ಕೊಟ್ಟರು. "ಮುಂಡರಗ್ಯಾಗ ನನ್ನ ಮದವಿಗೆ ವಾದ್ಯ ಬಾರಿಸಿದ್ರಲ್ಲ ಕರಡಿ ಮಜಲಿನವ್ರು, ಅವ್ರ ಮುಂದ ನಿಮ್ಮಾವ್ರೆಲ್ಲ ಡಬ್ಬಿ ಬಡ್ಯಾವ್ರು."

"ಇನ್ನ ಮೂರು ತಿಂಗಳಿಗೆ ಮೈಸೂರಿನವ್ರೂ ನಾವೂ ಒಂದ ರಾಜ್ಯ," ಎಂದ ಮಾಮಾ. "ಮೃದಂಗದವ್ರೂ ಪಾಲು ಕೇಳಾಕ ಬರತಾರ."

"ಬರ್ಲಿ ಬಿಡ್ರಿ. ಅವ್ರಿಗೂ ಒಂದು ಚಾಪಿ ಹಾಸೂಣು." ಕಲ್ಲಣ್ಣ ನಗುತ್ತ ನನ್ನ ಕಡೆ ತಿರುಗಿದರು. "ನೀವು ಓದಿದವ್ರು. ನೀವ ಹೇಳ್ರಿ, ಯಾರು ದೊಡ್ಡವ್ರು?"

ಕಿವಿಗೆ ಸಂಬಂಧಪಟ್ಟ ಯಾವ ಪ್ರಶ್ನೆಯೂ ನನಗೆ ಆಟದ ಪ್ರಶ್ನೆಯಲ್ಲ.

"ಅಂತೂರ ಬೆಂತೂರಿನ ಹಲಗಿ ಉಡಚಪ್ಪನ್ನ ಯಾಕ ಬಿಟ್ರಿ?" ಎಂದೆ. "ಅಂವ ಬಾರಿಸೂ ಮುಂದ ಹಲಗಿ ಕಡೆ ನೋಡಂಗಿಲ್ಲ. ಕುಣ್ಯಾವ್ರ ಕಾಲು ನೋಡತಾನ. ಅವ್ರು ದಣಿದ್ರ ತಾನ ಕೈ ಸಡಲ ಬಿಡತಾನ. ತಮ್ಮ ಸಲುವಾಗಿ ಬಾರಿಸಾವ್ರು ಭಾಳ ಮಂದಿ ಅದಾರ್ರಿ."

ಅವರ ನಗು ನಿಂತಿತು. ನನ್ನನ್ನು ಆಗಲೇ ಮೊದಲ ಸಲ ಕಂಡಂತೆ ನೋಡಿದರು. ಹುಬ್ಬಿನ ಮೇಲೊಂದು ಸಣ್ಣ ಗಾಯದ ಗುರುತಿತ್ತು. ನೋಡುವಾಗ ಅದು ಸ್ವಲ್ಪ ಮೇಲೇರುತ್ತಿತ್ತು.

"ಇಷ್ಟೆಲ್ಲ ಯಾವಾಗ ಕೇಳಿದ್ರಿ?"

"ಕೇಳಿದ್ದಕ್ಕಿಂತ ನೋಡಿದ್ದ ಹೆಚ್ಚ್ರಿ."

ಅಂದುಬಿಟ್ಟೆ. ಒಳಬಾಗಿಲಲ್ಲಿ ಅವ್ವನ ಕೈಯ ತಾಟು ಒಮ್ಮೆ ಸದ್ದು ಮಾಡಿತು. ಆದರೆ ಕಲ್ಲಣ್ಣ ತಲೆ ಆಡಿಸಿದರು, ಅನ್ನಪೂರ್ಣವ್ವ ಸಕ್ಕರೆ ತರಿಸಿದರು. ತುಳಸಿ ಲಗ್ನ ಮುಗಿದ ಮೇಲೆ ಮದುವೆ ಎಂದಾಯಿತು.

ಒಂಬತ್ತನೆಯ ದಿನ ಲಕ್ಷ್ಮೇಶ್ವರದಿಂದ ಪತ್ರ ಬಂತು. ಅದು ಮಾಮಾನ ಹೆಸರಿಗಿತ್ತು. ಕೆಳಗೆ, 'ಹಲಗಿಯ ಪಕ್ಷದವರಿಗೆ ನನ್ನ ಆಕ್ಷೇಪಣೆ' ಎಂದು ಒಂದು ಪುಟ. ಮಾಮಾ ಅದನ್ನು ಮಗ್ಗದ ಮನೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದ. ಬಾರಿಸುವವರ ವಿಷಯ ತಾನೆ, ಯಾರಿಗೂ ತಪ್ಪು ಕಾಣಲಿಲ್ಲ. ನಾನೂ ಉತ್ತರ ಬರೆದೆ. ಅದನ್ನು ಅಲ್ಲಿ ಅನ್ನಪೂರ್ಣವ್ವ ಓದಿಸಿಕೊಂಡು ಕೇಳುತ್ತಿದ್ದರಂತೆ.

ಎರಡು ತಿಂಗಳಲ್ಲಿ ಎಂಟು ಪತ್ರ ಬರೆದೆ. ಮರ್ದಾನಸಾಬರ ಎಡಗೈಯ ಮಣಿಕಟ್ಟು ನಾಯಕಿ ಅಳುವಾಗ ಹೇಗೆ ಇಳಿಯುತ್ತದೆಂದು ಬರೆದೆ. 'ನಿಮ್ಮ ಪತ್ರ ಓದಿದ ಮೇಲೆ ಹೊಳೆಯಪ್ಪನ ಡೊಳ್ಳಿಗೆ ಹೋದರೆ ಅವನ ಭುಜವನ್ನೇ ನೋಡುತ್ತ ನಿಂತೆ, ತಾಳ ತಪ್ಪಿಸಿಕೊಂಡೆ, ಇದಕ್ಕೆ ನೀವೇ ಹೊಣೆ' ಎಂದು ಅವರು ಬರೆದರು. ಮಾಮಾ ಅದನ್ನು ಓದಿ, "ಪಕ್ಷ ಬದಲಿ ಮಾಡಾಕತ್ತಾನ ಮಾಸ್ತರ," ಎಂದ. ನಾನು ನೂಲಿನ ಕಂಡಿಕೆ ಸುತ್ತುವ ನೆವದಲ್ಲಿ ತಲೆ ತಗ್ಗಿಸಿದೆ. ಅದರಲ್ಲಿ ಡೊಳ್ಳಿನ ಮಾತು ಎಷ್ಟು, ನನ್ನ ಮಾತು ಎಷ್ಟು ಎಂಬುದು ನನಗೆ ಗೊತ್ತಿತ್ತು.

ಪ್ರತಿ ಪತ್ರ ಬಂದಾಗಲೂ ಮೊದಲು ಸಂತೋಷ, ಹಿಂದೆಯೇ ಹೆದರಿಕೆ. ಇಷ್ಟು ನಂಬಿದವರಿಗೆ ಹೇಳದೆ ಇರುವುದು ಹೇಗೆ? ಎಲ್ಲರ ಕಿವಿಗೂ ಬೀಳುವ ಪತ್ರದಲ್ಲಿ ಹೇಳುವುದಾದರೂ ಹೇಗೆ? "ಅವ್ವಾ, ಅವ್ರಿಗೊಬ್ರಿಗೆ ಹೇಳ್ಲೇನು?" ಎಂದು ಕೇಳಿದರೆ, "ಮತ್ತ ಚಹಾ ಅರ್ಧಕ್ಕ ಬಿಟ್ಟು ಏಳೂದು ನಾ ನೋಡಲಾರೆ," ಎಂದು ಅತ್ತಳು.

ನವೆಂಬರ್ ಒಂದರಂದು ನಾಡು ಒಂದಾದ ಸಂಭ್ರಮಕ್ಕೆ ನಮ್ಮ ಗದಗಿನಲ್ಲಿ ಮೆರವಣಿಗೆ ಇತ್ತು. ಸುತ್ತಲಿನ ಬಾರಿಸುವವರೆಲ್ಲ ಬರುತ್ತಾರೆಂದು ಕಲ್ಲಣ್ಣ ಅತ್ತೆಯನ್ನು ಕರೆದುಕೊಂಡು ಬೆಳಿಗ್ಗೆಯೇ ಬಂದಿಳಿದರು. ಅರಿವೆ ಅಂಗಡಿಯೊಂದರ ಕಟ್ಟೆಯ ಮೇಲೆ ನಾವೆಲ್ಲ ನಿಂತೆವು. ಅವರು ಬಂದು ನನ್ನ ಎಡಕ್ಕೆ ನಿಂತರು. ನಾನು ಉಸಿರು ಬಿಟ್ಟೆ.

"ಲೇ ಕಲ್ಲಣ್ಣ, ಆ ಕಡೆ ಸರಿ," ಎಂದರು ಅನ್ನಪೂರ್ಣವ್ವ. "ಹೆಂಡತಿ ಗಂಡನ ಎಡಕ್ಕಿರಬೇಕು. ಈಗಿಂದ ರೂಢಿ ಆಗ್ಲಿ."

ಅವರು ನಗುತ್ತ ನನ್ನ ಬಲಕ್ಕೆ ಬಂದರು.

ಇಷ್ಟು ದಿನ ಹೆದರಿದವಳು ಇದೊಂದನ್ನು ಯೋಚಿಸಿರಲಿಲ್ಲ. ಮದುವೆಯ ಹಂದರದಲ್ಲಿ, ಪೂಜೆಯಲ್ಲಿ, ಊಟದ ಪಂಕ್ತಿಯಲ್ಲಿ, ಬಾಳೆಲ್ಲ ಅವರು ನನ್ನ ಸತ್ತ ಕಿವಿಯ ಕಡೆಗೇ ಇರುವರು.

ಡೊಳ್ಳು ಬಂತು, ಕರಡಿ ಮಜಲು ಬಂತು. ಒಂದೇ ಕಿವಿಯವರಿಗೆ ಶಬ್ದಕ್ಕೆ ದಿಕ್ಕಿಲ್ಲ. ಎಲ್ಲವೂ ಎಡದಿಂದಲೇ ನುಗ್ಗಿ ಬಂದು ಒಂದರ ಮೇಲೊಂದು ಬಿದ್ದವು. ಬಲಗಡೆ ಅವರ ತೋಳು ನನ್ನ ಸೆರಗಿಗೆ ತಾಕುವಷ್ಟು ಹತ್ತಿರವಿತ್ತು. ಅವರು ಮಾತಾಡುತ್ತಿದ್ದಾರೆಂದು ಅವರ ಉಸಿರಿನಿಂದ ಗೊತ್ತಾಯಿತು. ಮುಖ ತಿರುಗಿಸಿದರೆ ತುಟಿ ನೋಡುವುದು ತಿಳಿದುಬಿಡುತ್ತದೆಂದು ಮೆರವಣಿಗೆಯನ್ನೇ ನೋಡುತ್ತ ನಿಂತೆ. ಕೊನೆಗೆ ತಾಳಲಾರದೆ ತಿರುಗಿದಾಗ ಅವರ ಮಾತು ಮುಗಿದಿತ್ತು. ಅವರು ಉತ್ತರಕ್ಕೆ ಕಾಯುತ್ತಿದ್ದರು. ಏನು ಕೇಳಿದ್ದರೋ. ನಾನು ಮತ್ತೆ ಮುಂದೆ ನೋಡಿದೆ.

ಸ್ವಲ್ಪ ಹೊತ್ತಿಗೆ ಅವರು ನನ್ನೆದುರು ಬಂದರು. ಮುಖ ಬಿಳಿಚಿತ್ತು.

"ಆತ್ರಿ. ಒತ್ತಾಯ ಏನಿಲ್ಲ. ನಿಮ್ಮ ಮ್ಯಾಲ ಮಾತು ಬರದಂಗ ಮಾಮಾಗ ನಾನ ಹೇಳತೇನಿ."

ಕಟ್ಟೆ ಇಳಿದು ಮಂದಿಯಲ್ಲಿ ಸೇರಿಹೋದರು. ಹಿಂದಿನಿಂದ ಅವ್ವ ನನ್ನ ಮೊಣಕೈ ಹಿಡಿದಳು. "ಸುಮ್ನ ನಿಂದ್ರು. ಸಿಟ್ಟು ಇಳದ ಮ್ಯಾಲ ತಾನ ಬರತಾನ."

ಬರಬಹುದಿತ್ತು. ಬಂದು ಮತ್ತೆ ಬಲಕ್ಕೆ ನಿಲ್ಲಬಹುದಿತ್ತು. ನಾನು ಅವ್ವನ ಕೈ ಬಿಡಿಸಿಕೊಂಡೆ.

ರಸ್ತೆಯಲ್ಲಿ ಎಲ್ಲರ ತಲೆಯ ಮೇಲೂ ಬಿಳಿ ಟೋಪಿ. ಹೆಸರು ಹಿಡಿದು ಕರೆಯುವಂತಿರಲಿಲ್ಲ. ಕರೆದರೂ ಉತ್ತರ ಯಾವ ಕಡೆಯಿಂದ ಬಂತೆಂದು ನನಗೆ ತಿಳಿಯುತ್ತಿರಲಿಲ್ಲ. ಒಂದೊಂದೇ ಮುಖ ನೋಡುತ್ತ ಹೋದೆ. ಮುಚ್ಚಿದ ಹತ್ತಿ ಅಂಗಡಿಯೊಂದರ ಮುಂದೆ ಅವರು ಒಬ್ಬರೇ ನಿಂತಿದ್ದರು.

"ನೀವು ಹೇಳಿದ್ದು ನನಗ ಕೇಳಿಸಿಲ್ರಿ."

"ಗದ್ದಲ ಇತ್ತು. ಇರ್ಲಿ ಬಿಡ್ರಿ."

"ಗದ್ದಲಕ್ಕಲ್ಲ. ನನ್ನ ಬಲಗಿವಿ ಸಣ್ಣಕಿದ್ದಾಗನ ಹೋಗೇತಿ. ಎಡಗಿವಿನೂ ಮುಂದ ಹೋಗಬಹುದು ಅಂತ ಡಾಕ್ಟರು ಹೇಳ್ಯಾರ. ಹೊಂಬಳದವ್ರಿಗೆ ಹೇಳಿದ್ವಿ, ಎದ್ದು ಹೋದ್ರು. ನಿಮಗ ಹೇಳಲಿಲ್ಲ. ತಪ್ಪು ನಂದೂ ಐತಿ, ಬರೇ ಅವ್ವಂದಲ್ಲ."

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ಎಂಟು ಪತ್ರ," ಎಂದರು ಕೊನೆಗೆ. ದನಿಯಲ್ಲಿ ಸಿಟ್ಟಿತ್ತು. "ಒಂದರಾಗರ ಬರೀಬಹುದಿತ್ತು."

"ಅವನ್ನ ನಿಮ್ಮ ಅತ್ತಿ ಓದಿಸಿ ಕೇಳತಿದ್ರಲ್ರಿ."

ಅವರು ಹಣೆ ಒರೆಸಿಕೊಂಡರು.

"ಖರೆ," ಎಂದರು. "ಅದಕ್ಕ ನಾನೂ ಬರೀಬೇಕಂದಿದ್ದನ್ನ ಬರೀಲಿಲ್ಲ. ಇವತ್ತು ಹೇಳಬೇಕಂತ ಹತ್ತು ದಿನದಿಂದ ಧೈರ್ಯ ಕೂಡಿಸ್ಕೊಂಡು ಬಂದಿದ್ದೆ. ಹೇಳಿ ಮುಗಿಸಿದೆ ಅಂತ ಮಾಡಿದ್ನಿ. ಎಲ್ಲಾ ನಿಮ್ಮ ಬಲಗಿವಿಗೆ ಹೋಗೇತಿ."

"ಏನಂದಿದ್ರಿ?"

ಅವರು ನನ್ನನ್ನು ಬಳಸಿ ಎಡಕ್ಕೆ ಬಂದರು. ಗೋಡೆಯ ಕಡೆ ಮುಖ ಮಾಡಿ, ಪಾಠ ಒಪ್ಪಿಸುವವರಂತೆ ಹೇಳಿದರು.

"ದೊಡ್ಡವ್ರೆಲ್ಲಾ ಕೂಡಿ ಮದವಿ ಗೊತ್ತು ಮಾಡ್ಯಾರ. ನಿಮ್ಮನ್ನ ಯಾರೂ ಕೇಳಿಲ್ಲ. ನಿಮ್ಮ ಪತ್ರ ತಡಾ ಆದ ದಿನ ಶಾಲಿ ಬಿಡೂ ಗಂಟಿ ಹೊಡದದ್ದು ನನಗ ಗೊತ್ತ ಆಗಲಿಲ್ಲ, ಹುಡುಗ್ರು ಹಂಗ ಕುಂತಿದ್ರು. ನನ್ನ ಗತಿ ಇಷ್ಟಕ್ಕ ಬಂದೈತಿ. ನಿಮಗ ನಾ ಒಪ್ಪಿಗೇನ್ರಿ?"

ಅಷ್ಟರಲ್ಲಿ ಅನ್ನಪೂರ್ಣವ್ವ ಅವ್ವನನ್ನು ಜೊತೆಗೆ ಕರೆದುಕೊಂಡು ಬಂದರು. "ಇಲ್ಲೇನ್ ಮಾಡಾಕತ್ತೀರಿ? ಮತ್ತ ಅಕಿ ಎಡಕ್ಕ ನಿಂತೀಯಲ್ಲೋ."

ಅವ್ವ ನನ್ನ ಮುಖ ನೋಡಿದಳು. ಬೇಡ ಎಂದು ಅವಳ ತುಟಿ ಅಲುಗಿತು. ಆ ಮಾತು ನನಗೆ ಸ್ಪಷ್ಟವಾಗಿ ಕಂಡಿತು.

"ಅತ್ತಿ, ನನಗ ಬಲಗಿವಿ ಕೇಳಂಗಿಲ್ಲ," ಎಂದೆ. "ಈ ಕಡೆ ನಿಂತ್ರ ಅಷ್ಟ ಅವ್ರ ಮಾತು ಕೇಳತೈತಿ."

ಅನ್ನಪೂರ್ಣವ್ವ ನನ್ನನ್ನು ನೋಡಿದರು, ಅವ್ವನನ್ನು ನೋಡಿದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಲ್ಲಣ್ಣ ನಿಂತ ಜಾಗದಿಂದ ಕದಲಲಿಲ್ಲ.

"ಹಂದರದಾಗ ಹೆಂಗ ಕುಂಡ್ರತೀಯೋ ಹಂಗಾದ್ರ?" ಎಂದು ಕೇಳಿದರು ಅನ್ನಪೂರ್ಣವ್ವ.

"ಹಿಂಗ," ಎಂದರು ಅವರು.

"ಮಂದಿ ಏನಂದಾರು?"

"ಅಂದದ್ದು ಅಕಿಗೆ ಅರ್ಧ ಅಷ್ಟ ಕೇಳತೈತಿ ಬಿಡ ಅತ್ತಿ."

ಅನ್ನಪೂರ್ಣವ್ವ ನಗಲಿಲ್ಲ. "ಬಾರವಾ ಚೌಡವ್ವ, ನಿನ್ನ ಕೂಡ ಮಾತಾಡೂದು ಐತಿ," ಎಂದು ಅವ್ವನ ಕೈ ಹಿಡಿದು ನಡೆದರು. ಆ ಮಾತು ಏನಾದೀತೋ ಎಂಬ ದಿಗಿಲು ನನಗೆ ಹೋಗಿರಲಿಲ್ಲ. ಆದರೂ ಅವ್ವನ ಕೈಯನ್ನು ಅವರು ಗಟ್ಟಿಯಾಗಿಯೇ ಹಿಡಿದಿದ್ದರು, ಅದನ್ನು ನೋಡಿದೆ.

"ನಾ ಕೇಳಿದ್ದಕ್ಕ ಉತ್ತರ ಬರಲಿಲ್ಲ," ಎಂದರು ಕಲ್ಲಣ್ಣ ಮೆಲ್ಲಗೆ.

ಎಡಗಿವಿಯಲ್ಲಿ ಆ ಮಾತಿನ ಪ್ರತಿ ಅಕ್ಷರವೂ ಇನ್ನೂ ಬೆಚ್ಚಗಿತ್ತು. ಆ ಕಿವಿ ಇನ್ನೆಷ್ಟು ವರ್ಷವೋ.

"ಕೇಳಿಸಲಿಲ್ರಿ," ಎಂದೆ. "ಇನ್ನೊಮ್ಮೆ ಹೇಳ್ರಿ."

ಅವರು ನನ್ನ ಮುಖವನ್ನೇ ನೋಡಿದರು. ಹುಬ್ಬಿನ ಮೇಲಿನ ಗಾಯ ಸ್ವಲ್ಪ ಮೇಲೇರಿತು. ಆಮೇಲೆ ಬಗ್ಗಿ, ಮೂರನೆಯ ಸಲ, ನಿಧಾನವಾಗಿ, ಒಂದು ಮಾತನ್ನೂ ಬಿಡದೆ ಹೇಳಿದರು.