ಹೊರಗಿನ ಚಿಲಕ

"ಈ ಮದುವೆಗೆ ಒಪ್ಕೋಬೇಡಿ!"

ಮದುವೆ ಮಾತಿಗೆಂದು ಬಂದಿದ್ದ ಅವಳು ಬಂಗಲೆಯ ಮೆಟ್ಟಿಲು ಹತ್ತಿ, ಉಸಿರು ಸರಿಮಾಡಿಕೊಂಡು, ಕರೆಗಂಟೆಗೆ ಕೈ ಚಾಚಿದ್ದಳು ಅಷ್ಟೇ. ಬಾಗಿಲು ತೆರೆಯಿತು. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಕೋಪದಿಂದ ಮುಖ ಕೆಂಪಾಗಿದ್ದ ಒಬ್ಬ ಗಂಡಸು ಹೊರಗೆ ಬಂದವನೇ ಈ ಮಾತು ಹೇಳಿದ.

"ಯಾರ್ರೀ ನೀವು?"

"ಬೀಗ ರಿಪೇರಿಯವನು. ಈ ಮನೆ ಮಗೂಗೆ ಸೋದರಮಾವ. ನೀವು ಈ ಮನೆಗೆ ಸರಿಹೋಗಲ್ಲ. ಬಂದ ದಾರೀಲೇ ವಾಪಸ್ ಹೋಗಿ."

ಅಷ್ಟು ಹೇಳಿ ದಡದಡನೆ ಇಳಿದು ಹೋಗೇಬಿಟ್ಟ!

ಸರಿಹೋಗಲ್ಲ... ಆ ಮಾತು ಅವಳ ಎದೆಗೆ ಚುಚ್ಚಿತು. 'ಓಹೋ, ಇವನಿಗೂ ಗೊತ್ತಾಗಿದೆ. ಬಂಜೆ ಕಾಲಿಟ್ಟರೆ ಮನೆಗೆ ಆಗಲ್ಲ ಅನ್ನೋರ ಪೈಕಿ ಇವನೂ ಒಬ್ಬ!'

ಪಾಪ, ಅವಳ ತಪ್ಪಲ್ಲ. ಐದು ವರ್ಷ ಸಂಸಾರ ಮಾಡಿದ ಗಂಡ "ನಿನ್ನಿಂದ ಏನು ಪ್ರಯೋಜನ?" ಎಂದು ಕೇಳಿ ಬಿಟ್ಟುಹೋಗಿದ್ದ. ಆ ಮಹಾಶಯನೇನು ಸಾಮ್ರಾಜ್ಯಕ್ಕೆ ಉತ್ತರಾಧಿಕಾರಿ ಹುಡುಕುತ್ತಿದ್ದನೇ? ಅವನ ಆಸ್ತಿಯೆಂದರೆ ಒಂದು ಹಳೆಯ ಬೈಕು ಮತ್ತು ಅವನಮ್ಮನ ನಾಲಿಗೆ!

ಅವಳು ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವವಳು. ದಿನವಿಡೀ ಊರವರ ಮಕ್ಕಳ ಹೆಸರನ್ನು ಕ್ರೀಮಿನಲ್ಲಿ ಮುದ್ದಾಗಿ ಬರೆಯಬೇಕು. ಅದೇ ಮಕ್ಕಳ ತಾಯಂದಿರು ಡಬ್ಬಿ ಕಟ್ಟಿಸಿಕೊಳ್ಳುವಾಗ "ಪಾಪ, ಇವಳಿಗೆ ಇಲ್ವಂತೆ" ಎಂದು ಪಿಸುಗುಟ್ಟುವುದನ್ನು ಕೇಳಿಸಿಕೊಳ್ಳಬೇಕು. ಒಬ್ಬಳಂತೂ ಇವಳು ಕೆನ್ನೆ ಸವರುವ ಮೊದಲೇ ಮಗುವನ್ನು ಆಚೆ ಸೊಂಟಕ್ಕೆ ಬದಲಿಸಿಕೊಂಡಿದ್ದಳು.

ಅಂಥವಳಿಗೆ ಚಿಕ್ಕಮ್ಮ ಈ ಸಂಬಂಧ ತಂದಿದ್ದಳು. ಹೆಂಡತಿ ತೀರಿಹೋದ ಸಾಹುಕಾರ, ಒಂದೇ ಹೆಣ್ಣುಮಗು.

"ನಿನ್ನ ಅದೃಷ್ಟ ಖುಲಾಯಿಸ್ತು ಕಣೇ! ಅವರಿಗೆ ಮಕ್ಕಳಾಗದವಳೇ ಬೇಕಂತೆ!"

ಒಳಗೆ ಸಾಹುಕಾರ ಫೋನಿನಲ್ಲಿ ಮುಳುಗಿದ್ದ. ಮಾತಾಡಿದ್ದು ಅವನ ಅಕ್ಕ.

"ನೋಡಮ್ಮ, ಮುಚ್ಚುಮರೆ ಯಾಕೆ? ನಿನಗೆ ಆಗಲ್ಲ ಅನ್ನೋದು ಖಾತ್ರಿ ತಾನೇ? ಆಮೇಲೆ ಇನ್ನೊಂದು ಹುಟ್ಟಿ, ಆಸ್ತೀಲಿ ಪಾಲು ಕೇಳೋ ತಾಪತ್ರಯ ನಮಗೆ ಬೇಡ."

ಊರೆಲ್ಲ ಮೂಗು ಮುರಿದ ಕೊರತೆ ಇಲ್ಲಿ ಅರ್ಹತೆಯಾಗಿತ್ತು! ಸಂಬಳ ಕೇಳದ ಆಯಾ, ಪಾಲು ಕೇಳದ ಹೆಂಡತಿ, ಎರಡೂ ಒಂದೇ ಖರ್ಚಿನಲ್ಲಿ. ದುಡ್ಡಿದ್ದವರು ಸುಮ್ಮನೆ ದುಡ್ಡಿದ್ದವರಾಗುತ್ತಾರೆಯೇ?

ಅವಳು ಆಗಲೇ ಎದ್ದು ಹೋಗಬೇಕಿತ್ತು. ಆದರೆ ಅಷ್ಟರಲ್ಲಿ ಸಾಹುಕಾರನ ಮಗಳು ಪುಟ್ಟಿ ಬಂದಳು. ಸದ್ದಾಗದಂತೆ ನಡೆದು ಬಂದು ಪಕ್ಕದಲ್ಲಿ ಕೂತಳು.

"ನಿಮ್ಮ ಬೆರಳು ಯಾಕೆ ನೀಲಿ?"

"ಕೇಕಿನ ಬಣ್ಣ ಪುಟ್ಟಿ. ಎಷ್ಟು ತೊಳೆದ್ರೂ ಹೋಗಲ್ಲ."

ಮಗು ಆ ಬೆರಳನ್ನು ಹಿಡಿದುಕೊಂಡಿತು. ಮತ್ತೆ ಬಿಡಲೇ ಇಲ್ಲ.

'ಈ ಕೈಗಾಗಿ ಎಂಥ ಮಾತನ್ನಾದರೂ ನುಂಗಿಕೊಂಡೇನು...' ಜೊತೆಗೆ ಆ ಬೀಗದವನ ಮೇಲಿನ ಹಟ ಬೇರೆ!

"ನಂಗೆ ಒಪ್ಪಿಗೆ," ಎಂದುಬಿಟ್ಟಳು.

ಮದುವೆಗೆ ಮೊದಲೇ ಪುಟ್ಟಿಯ ಹುಟ್ಟುಹಬ್ಬ ಬಂತು. ಸಾಹುಕಾರನ ಆಫೀಸಿನಿಂದ ಬೇಕರಿಗೆ ಫೋನು. ಮೂರು ಅಂತಸ್ತಿನ ಕೇಕು, ಮೇಲೆ 'ಆರು' ಅಂತ ಇರಬೇಕು.

ಹುಟ್ಟುಹಬ್ಬದ ಹಿಂದಿನ ದಿನ ಬೀಗದವನೂ ಬಂದ. ಅಂಗೈಯಗಲದ ಕೇಕು ತೋರಿಸಿದ.

"ಇದು ಸಾಕು. ಮೇಲೆ 'ಏಳು' ಅಂತ ಬರೀರಿ."

"ಆರಲ್ವಾ? ಅವಳಪ್ಪನ ಆಫೀಸಿಂದ್ಲೇ ಹೇಳಿದ್ರು."

"ಹೋದ ವರ್ಷ ಆರು. ಹಳೇ ಆರ್ಡರನ್ನೇ ಮತ್ತೆ ಕೊಟ್ಟಿರ್ತಾರೆ." ನಕ್ಕ, ಆದರೆ ಆ ನಗುವಿನಲ್ಲಿ ಖುಷಿಯಿರಲಿಲ್ಲ. "ಕೊನೆಗೂ ಒಪ್ಕೊಂಡ್ರಂತೆ..."

"ಹೌದು, ಒಪ್ಕೊಂಡೆ! ನಿಮ್ಮಕ್ಕನ ಜಾಗಕ್ಕೆ ಬಂಜೆ ಬರ್ತಿದ್ದಾಳೆ ಅಂತ ಹೊಟ್ಟೆ ಉರೀತಿದ್ಯಾ?"

ಅವನು ದಂಗಾದ.

"ಅಯ್ಯೋ... ನೀವು ಹಾಗೆ ತಿಳ್ಕೊಂಡ್ರಾ? ಅವತ್ತು ನನ್ನನ್ನ ಯಾಕೆ ಕರೆಸಿದ್ರು ಗೊತ್ತಾ? ಪುಟ್ಟಿ ಕೋಣೆಗೆ ಚಿಲಕ ಹಾಕೋಕೆ. ಹೊರಗಡೆಯಿಂದ! ಜನ ಬಂದಾಗ ಮಗು ಅಡ್ಡ ಬರಬಾರ್ದಂತೆ. ನನ್ನ ಕೈಲಿ ಆಗಲ್ಲ ಅಂದೆ. 'ಬಿಡು, ಬರೋಳು ಹಾಕ್ತಾಳೆ, ತೆಗೀತಾಳೆ. ಹೆತ್ತ ಕರುಳಾದ್ರೆ ತಾನೇ ನೋಯೋದು' ಅಂದ್ರು ಭಾವನ ಅಕ್ಕ."

ಅವಳ ಕೈಯಲ್ಲಿದ್ದ ಕ್ರೀಮಿನ ಕೋನು ಹಾಗೇ ನಿಂತಿತು.

"ಆ ಮನೆ ನಿಮಗೆ ತಕ್ಕದ್ದಲ್ಲ ಅಂತ ಹೇಳೋಕೆ ಹೋದೆ. ಕೋಪ ಬಂದ್ರೆ ನನ್ನ ಮಾತು ತಲೆಕೆಳಗಾಗೇ ಬರುತ್ತೆ. ಮಗೂನ ನಂಗೆ ಕೊಡಿ ಅಂತ ಎಷ್ಟು ಸಲ ಕೇಳಿದೆ! 'ಅಂಗಡಿ ಮೇಲಿನ ಒಂದು ಕೋಣೇಲಿ ಬೆಳೆಸ್ತೀಯಾ? ನಮ್ಮಲ್ಲಿ ಅವಳ ಆಟದ ಸಾಮಾನಿಗೇ ಎರಡು ಕೋಣೆ ಇದೆ' ಅಂತ ನಕ್ಕರು."

'ಅಮ್ಮನಾಗ್ತೀನಿ ಅಂದ್ಕೊಂಡು ಕಾವಲುಗಾರ್ತಿಯಾಗೋಕೆ ಒಪ್ಪಿಬಿಟ್ಟೆನಲ್ಲಾ!' ಕಣ್ಣು ತುಂಬಿ ಬಂತು.

ಮಾರನೆಯ ದಿನ ಮೂರು ಅಂತಸ್ತಿನ ಕೇಕಿನ ಮೇಲೂ ಅವಳು 'ಏಳು' ಎಂದೇ ಬರೆದಳು. ತಾನೇ ಹೊತ್ತುಕೊಂಡು ಹೋದಳು.

ಬಂಗಲೆ ತುಂಬ ಜನ. "ಇಂಥ ಮನೇಲಿ ಹುಟ್ಟೋಕೂ ಪುಣ್ಯ ಮಾಡಿರ್ಬೇಕು!" ಎಂದು ತಟ್ಟೆ ಹಿಡಿದವರೆಲ್ಲ ಹೇಳುತ್ತಿದ್ದರು. ಹುಟ್ಟಿದವಳು ಎಲ್ಲಿ ಎಂದು ಒಬ್ಬರಾದರೂ ಕೇಳಬೇಕಲ್ಲ? ಊಹೂಂ. ಬಾಯಿ ಬಿಡುವಾಗಿದ್ದರೆ ತಾನೇ!

"ಪುಟ್ಟಿ ಎಲ್ಲಿ?" ಅವಳೇ ಕೇಳಿದಳು.

"ಬಟ್ಟೆ ಕೊಳೆ ಮಾಡ್ಕೋತಾಳೆ ಅಂತ ಮೇಲೆ ಬಿಟ್ಟಿದೀವಿ. ಕೇಕ್ ಕತ್ತರಿಸೋ ಹೊತ್ತಿಗೆ ತೆಗೆದರಾಯ್ತು," ಎಂದಳು ಸಾಹುಕಾರನ ಅಕ್ಕ.

ತೆಗೆದರಾಯ್ತಂತೆ! ಬೀರುವಿನ ಬೆಳ್ಳಿ ಲೋಟವೇ ಅದು?

ಅವಳು ಮೆಟ್ಟಿಲು ಹತ್ತಿದಳು. ಬಾಗಿಲ ಹೊರಗೆ ಹೊಸ ಚಿಲಕ ಫಳಫಳ ಹೊಳೆಯುತ್ತಿತ್ತು. ಇನ್ಯಾರೋ ಹಾಕಿಕೊಟ್ಟಿದ್ದರು. ದುಡ್ಡು ಕೊಟ್ಟರೆ ಕೈಗಳಿಗೇನು ಬರ?

ಚಿಲಕ ಸರಿಸಿದಳು. ಮಂಚದ ತುದಿಯಲ್ಲಿ, ಮೊಣಕಾಲ ಮೇಲೆ ಕೈಯಿಟ್ಟು, ಅಲುಗಾಡದೆ ಕೂತಿತ್ತು ಮಗು.

"ಕೊಳೆ ಆಗಿಲ್ಲ... ನೋಡಿ," ಎಂದಿತು.

ಅವಳು ಮಗುವನ್ನು ಬಾಚಿ ಎತ್ತಿಕೊಂಡು ಕೆಳಗಿಳಿದಳು.

ಸಾಹುಕಾರ ಕೇಕನ್ನು ನೋಡಿ ಹುಬ್ಬುಗಂಟಿಕ್ಕಿದ. "ಏಳಾ? ಆರಲ್ವಾ?" ಕೇಳಿದ್ದು ಮಗಳನ್ನಲ್ಲ, ಸೆಕ್ರೆಟರಿಯನ್ನು!

"ಏಳು, ಅಪ್ಪ," ಎಂದಳು ಪುಟ್ಟಿ ಮೆಲ್ಲಗೆ.

ಯಾರೋ ಕಿಸಕ್ಕನೆ ನಕ್ಕರು.

"ಸಾಹುಕಾರ್ರೇ, ನಂಗೆ ಈ ಮದುವೆ ಬೇಡ," ಎಂದಳು ಅವಳು. "ಮಗು ಬೇಕು ಅನ್ನೋ ಆಸೆಗೆ ಬಂದೆ. ಮಗೂನ ಕೂಡಿಹಾಕೋ ಕೆಲಸಕ್ಕೆ ಬೇರೆಯವರನ್ನ ನೋಡ್ಕೊಳ್ಳಿ."

"ಬಂಜೆಗೆ ಇಷ್ಟು ಸೊಕ್ಕಾ?" ಅಕ್ಕ ಕಿರುಚಿದಳು. "ಹೆತ್ತಿದ್ರೆ ಗೊತ್ತಾಗ್ತಿತ್ತು!"

"ಹೆತ್ತವರಿಗೆ ಏನು ಗೊತ್ತು ಅಂತ ನೋಡಿದ್ನಲ್ಲಮ್ಮ. ವಯಸ್ಸು ಗೊತ್ತಿಲ್ಲ, ಚಿಲಕ ಗೊತ್ತು!"

ಬೀಗದವನು ತನ್ನ ಪುಟ್ಟ ಕೇಕು ಹಿಡಿದು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿದ್ದ. ಯಾರನ್ನೂ ನೋಡದೆ ಸೀದಾ ಮೇಲೆ ಹೋದ. ಸ್ಕ್ರೂ ಬಿಚ್ಚುವ ಸದ್ದು ಕೆಳಗಿನವರೆಗೂ ಕೇಳಿಸಿತು. ಇಳಿದು ಬಂದು ಚಿಲಕವನ್ನು ಮೂರು ಅಂತಸ್ತಿನ ಕೇಕಿನ ಪಕ್ಕದಲ್ಲಿಟ್ಟ.

"ಭಾವ, ಭಾನುವಾರ ಭಾನುವಾರ ಮಗು ನನ್ನ ಹತ್ರ ಇರ್ಲಿ."

ಸಾಹುಕಾರ ನೆರೆದವರ ಮುಖ ನೋಡಿದ. ಎಲ್ಲರ ಕಣ್ಣೂ ಚಿಲಕದ ಮೇಲಿತ್ತು.

"ಆಯ್ತು, ಆಯ್ತು... ಕರ್ಕೊಂಡು ಹೋಗು. ಭಾನುವಾರ ಹೇಗೂ ನಂಗೆ ಮೀಟಿಂಗು."

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಮನೆಯಲ್ಲಿ ಅದೂ ಸುಳ್ಳಾಯಿತು.

ಆ ಭಾನುವಾರ ಅವಳು ಬೀಗದಂಗಡಿಗೆ ಹೋದಳು. ಪುಟ್ಟಿಗೆ ಕೇಕು ಕೊಟ್ಟು ಬರೋಣ ಅಂತ... ಹಾಗಂತ ತನಗೆ ತಾನೇ ಹೇಳಿಕೊಂಡಿದ್ದಳು! ಅಂಗಡಿಯ ಮೇಲಿನ ಕೋಣೆಯಲ್ಲಿ ಪುಟ್ಟಿ ನೆಲದ ಮೇಲೆ ಹಳೆಯ ಬೀಗದ ಕೈಗಳನ್ನು ಹರಡಿಕೊಂಡು ಕೂತಿದ್ದಳು. ಬಟ್ಟೆಯೆಲ್ಲ ಎಣ್ಣೆಯ ಕಲೆ. ಮುಖದ ತುಂಬ ನಗು.

ಅವನು ತಲೆ ಕೆರೆದುಕೊಂಡ. "ಒಂದು ಮಾತು ಕೇಳ್ಲಾ? ಈ ಸಲ ತಲೆಕೆಳಗಾಗದ ಹಾಗೆ ಹೇಳ್ತೀನಿ."

"ಹೂಂ..."

"ನನ್ನನ್ನ ಒಪ್ಕೋತೀರಾ?"

"ನನಗೆ ಮಕ್ಕಳಾಗಲ್ಲ. ಊರೆಲ್ಲ ಆಡ್ಕೊಳ್ಳುತ್ತೆ."

"ಊರ ಬಾಯಿಗೆ ಹಾಕೋ ಬೀಗ ನನ್ನ ಅಂಗಡೀಲೂ ಇಲ್ಲ. ನಾನು ಕೇಳಿದ್ದು ಮಕ್ಕಳನ್ನಲ್ಲ... ನಿಮ್ಮನ್ನ."

ಬಹಳ ದಿನಗಳ ಮೇಲೆ ಅವಳು ಅಳುತ್ತಲೇ ನಕ್ಕಳು. ಕಣ್ಣೊರೆಸಿಕೊಂಡು ಬಾಗಿಲ ಕಡೆ ನೋಡಿದಳು.

"ಈ ಕೋಣೆಗೆ ಚಿಲಕ ಯಾವ ಕಡೆ?"

"ಒಳಗಡೆ ಮಾತ್ರ."

"ಅದೂ ನಂಗೆ ಎಟುಕೋಷ್ಟು ಕೆಳಗೆ!" ಎಂದು ಕೂಗಿದಳು ಪುಟ್ಟಿ, ತಲೆ ಎತ್ತದೆ.

ಅವಳು ಚಪ್ಪಲಿ ಕಳಚಿ ಒಳಗೆ ಬಂದಳು.

"ಹಾಗಾದ್ರೆ ಒಪ್ಪಿಗೆ."